ಕಫದಲ್ಲಿ ನಾವು ಹುಡುಕದೆ ಬಿಟ್ಟದ್ದು

ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಅರುವತ್ತು ದಾಟಿದವರನ್ನು ಮಾತಿಗೆಳೆದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ರಕ್ತದಲ್ಲಿರುವ ಹಲವು ಬಗೆಯ ಬಿಳಿಕೋಶಗಳಲ್ಲಿ ಒಂದರ ಹೆಸರು ಮಾತ್ರ ಅವರಿಗೆ ಬಾಯಿಪಾಠ. ಲಿಂಫೋಸೈಟ್ ಎಂದರೂ ನ್ಯೂಟ್ರೋಫಿಲ್ ಎಂದರೂ ಅವರು ಸುಮ್ಮನೆ ಮುಖ ನೋಡುತ್ತಾರೆ. ‘ಇಸ್ನೋಫಿಲಿಯಾ’ (ಇಯೋಸಿನೋಫಿಲ್ ಎಂಬ ಬಿಳಿಕೋಶ ಅತಿಯಾಗುವ ರೋಗ) ಎಂದ ಕೂಡಲೇ, ‘ಹೌದು ಮಾರಾಯ್ರೆ, ನಮ್ಮ ಅಣ್ಣನಿಗೂ ಇತ್ತು ಅದು, ರಾತ್ರಿಯಿಡೀ ಕೆಮ್ಮು’ ಎಂಬ ಉತ್ತರ ಬರುತ್ತದೆ. ವೈದ್ಯರ ಬಾಯಿಂದ ಬಿದ್ದ ಪದವೊಂದು ನೆಗಡಿ, ವಾತ, ಪಿತ್ತಗಳ ಸಾಲಿಗೆ ಸೇರಿ ಮನೆಮಾತಾಗಬೇಕಾದರೆ ಆ ರೋಗ ಎಷ್ಟು ಮನೆಗಳ ಹೊಸ್ತಿಲು ದಾಟಿರಬೇಕು ಎಂಬುದನ್ನು ಊಹಿಸಬಹುದು.

ನನ್ನ ದೊಡ್ಡಪ್ಪನ ಕಥೆಯೂ ಅದೇ. ಕಟಪಾಡಿಯ ಹತ್ತಿರ ಸಣ್ಣ ಜಿನಸಿನ ಅಂಗಡಿ ನಡೆಸುತ್ತಿದ್ದ ಅವರಿಗೆ ಎಪ್ಪತ್ತರ ದಶಕದ ಕೊನೆಯಲ್ಲಿ ಕೆಮ್ಮು ಹತ್ತಿತು. ಹಗಲೆಲ್ಲ ಸರಿಯಾಗಿಯೇ ಇರುತ್ತಿದ್ದರು. ನಡುರಾತ್ರಿ ಕಳೆದ ಮೇಲೆ ಎದ್ದು ಕೂತು ಗೋಡೆಗೆ ಒರಗಬೇಕು, ಎದೆಯೊಳಗೆ ಯಾರೋ ಸೀಟಿ ಊದಿದ ಹಾಗೆ ಸದ್ದು. ತೂಕ ಇಳಿಯಿತು, ಸಂಜೆಯ ಹೊತ್ತು ಜ್ವರ ಬರತೊಡಗಿತು, ಎಕ್ಸ್‌ರೇಯಲ್ಲಿ ಎರಡೂ ಕಡೆ ಚುಕ್ಕೆ ಚುಕ್ಕೆ ಕಂಡಿತು. ಕಫದಲ್ಲಿ ಕ್ಷಯದ ರೋಗಾಣು ಒಮ್ಮೆಯೂ ಸಿಗಲಿಲ್ಲ. ಆದರೂ ಕ್ಷಯವೆಂದೇ ತೀರ್ಮಾನವಾಗಿ ದಿನಕ್ಕೊಂದರಂತೆ ಸ್ಟ್ರೆಪ್ಟೊಮೈಸಿನ್ ಸೂಜಿ ಶುರುವಾಯಿತು. ಅವರ ಲೋಟ, ಬಟ್ಟಲು ಬೇರೆಯಾದವು. ಬೂದಿ ಹಾಕಿದ ತಗಡಿನ ಡಬ್ಬಿಯೊಂದು ಚಾಪೆಯ ಪಕ್ಕಕ್ಕೆ ಬಂತು. ಮೂರು ತಿಂಗಳ ನಂತರ ಇನ್ನೊಬ್ಬ ವೈದ್ಯರು ರಕ್ತದ ಎಣಿಕೆ ಮಾಡಿಸಿ, ಚೀಟಿಯಲ್ಲಿದ್ದ 62 ಎಂಬ ಅಂಕಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ‘ಇದು ಟಿಬಿ ಅಲ್ಲ’ ಎಂದು ಹೆಟ್ರಜಾನ್ ಮಾತ್ರೆ ಬರೆದುಕೊಟ್ಟರು. ನೂರು ಬಿಳಿಕೋಶಗಳಲ್ಲಿ 62 ಇಯೋಸಿನೋಫಿಲ್‌ಗಳಿದ್ದವು. ಆರೋಗ್ಯವಂತರಲ್ಲಿ ಅದು ಐದಾರನ್ನು ದಾಟುವುದು ಕಡಿಮೆ. ವಾರ ಕಳೆಯುವಷ್ಟರಲ್ಲಿ ದೊಡ್ಡಪ್ಪ ಅಡ್ಡಬಿದ್ದು ನಿದ್ದೆ ಮಾಡಿದರು. ಲೋಟ ಮಾತ್ರ ಬಹಳ ದಿನ ಬೇರೆಯೇ ಉಳಿಯಿತು.

ಈ ಹಳೆಯ ಕಥೆಯನ್ನು ಈಗ ತೆಗೆಯುವುದಕ್ಕೆ ಕಾರಣವಿದೆ. ತೀವ್ರ ಉಬ್ಬಸಕ್ಕೆ ಇದೇ ಇಯೋಸಿನೋಫಿಲ್ ಕೋಶವನ್ನು ಗುರಿಯಾಗಿಟ್ಟುಕೊಂಡ ಹೊಸ ಜೈವಿಕ ಔಷಧಗಳು ಭಾರತದ ಮಾರುಕಟ್ಟೆಗೆ ಬಂದು ಕೆಲವು ವರ್ಷಗಳಾದವು. ಮಂಗಳೂರು, ಮಣಿಪಾಲದಂತಹ ವೈದ್ಯಕೀಯ ಕೇಂದ್ರಗಳಿರುವ ಊರುಗಳಲ್ಲಿ ಅವುಗಳ ಹೆಸರು ರೋಗಿಗಳ ಕಿವಿಗೂ ಬೀಳತೊಡಗಿದೆ. ಒಂದು ಸೂಜಿಗೆ ಹತ್ತಾರು ಸಾವಿರ ರೂಪಾಯಿ ತಗಲುವ ಈ ಔಷಧ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ತೀರ್ಮಾನಿಸುವ ವಿದ್ಯೆ ಹುಟ್ಟಿದ್ದು ಶ್ವಾಸಕೋಶದ ಒಳಗೇ ಇಣುಕಿ ನೋಡಿದ ಕೆಲವರ ದೀರ್ಘ ದುಡಿಮೆಯಿಂದ, ಮತ್ತು ಅದರ ಒಂದು ಮುಖ್ಯ ಭಾಗ ದಕ್ಷಿಣ ಭಾರತದಲ್ಲಿಯೇ ನಡೆಯಿತು. ಔಷಧ ನಮ್ಮೂರಿಗೆ ಬಂದಿದೆ. ಆ ವಿದ್ಯೆ ಬಂದಿದೆಯೇ ಎಂಬುದು ಈ ಲೇಖನದ ಪ್ರಶ್ನೆ.

ಇಯೋಸಿನೋಫಿಲ್‌ಗೆ ಹೆಸರಿಟ್ಟವರು ಜರ್ಮನಿಯ ಪೌಲ್ ಎರ್ಲಿಖ್, 1879ರಲ್ಲಿ. ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಹಾಕಿದಾಗ ಈ ಕೋಶದೊಳಗಿನ ಕಾಳುಗಳು ಆ ಬಣ್ಣವನ್ನು ಹೀರಿಕೊಂಡು ಕೆಂಪಾಗಿ ಮಿನುಗುತ್ತವೆ, ಆದ್ದರಿಂದ ಆ ಹೆಸರು. ಆ ಕಾಳುಗಳಲ್ಲಿ ತುಂಬಿರುವುದು ತೀಕ್ಷ್ಣವಾದ ಪ್ರೋಟೀನುಗಳು. ಬ್ಯಾಕ್ಟೀರಿಯಾಗಳನ್ನು ಬಿಳಿಕೋಶಗಳು ನುಂಗಿ ಜೀರ್ಣಿಸಬಲ್ಲವು. ಆದರೆ ಹುಳುವನ್ನು ನುಂಗಲು ಯಾವ ಕೋಶಕ್ಕೂ ಆಗದು, ಅದು ಕೋಶಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹಾಗಾಗಿ ಇಯೋಸಿನೋಫಿಲ್‌ಗಳು ಹುಳುವಿನ ಮೈಗೆ ಅಂಟಿಕೊಂಡು ಈ ಪ್ರೋಟೀನುಗಳನ್ನು ಅದರ ಮೇಲೆ ಸುರಿಯುತ್ತವೆ. ಇದು ನಡೆಯುವುದು ಶ್ವಾಸಕೋಶದ ತೆಳುವಾದ ಗಾಳಿಚೀಲಗಳ ನಡುವೆಯಾದರೆ ಹುಳುವಿನ ಜೊತೆ ಮನೆಯ ಗೋಡೆಯೂ ಸುಡುತ್ತದೆ. ಶ್ವಾಸಕೋಶದ ರೋಗನಿರೋಧಕ ವಿಜ್ಞಾನದ ಬಹುಪಾಲು ಪ್ರಶ್ನೆಗಳು ಈ ಒಂದು ವಿಚಿತ್ರದ ಸುತ್ತಲೇ ಇವೆ: ಕಾಪಾಡಲು ಬಂದದ್ದೇ ಯಾಕೆ ಕೆಡವುತ್ತದೆ, ಮತ್ತು ಯಾವಾಗ?

ದೊಡ್ಡಪ್ಪನಿಗೆ ಆದದ್ದನ್ನು ವೈದ್ಯಕೀಯ ಸಾಹಿತ್ಯದಲ್ಲಿ ಮೊದಲು ವಿವರಿಸಿದ್ದು ನಮ್ಮಿಂದ ತೀರ ದೂರದ ಊರಿನಲ್ಲಿ ಅಲ್ಲ. ಕೋಲಾರದ ಗಡಿಯಾಚೆ, ಆಂಧ್ರದ ಮದನಪಲ್ಲಿಯ ಕ್ಷಯರೋಗ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಫ್ರಿಮೊಡ್ಟ್-ಮೋಲರ್ ಮತ್ತು ಬಾರ್ಟನ್ ಎಂಬ ವೈದ್ಯರು 1940ರಲ್ಲಿ, ಕ್ಷಯವೆಂದು ಸೇರಿಸಿಕೊಂಡ ರೋಗಿಗಳಲ್ಲಿ ಕೆಲವರಿಗೆ ಕ್ಷಯವೇ ಇಲ್ಲ, ಅವರ ರಕ್ತದಲ್ಲಿ ಇಯೋಸಿನೋಫಿಲ್‌ಗಳು ವಿಪರೀತವಾಗಿವೆ ಎಂದು ಬರೆದರು. ಹುಸಿ ಕ್ಷಯ ಎಂಬ ಅರ್ಥದ ಹೆಸರನ್ನೇ ಅವರು ಅದಕ್ಕೆ ಕೊಟ್ಟಿದ್ದರು. 1943ರಲ್ಲಿ ವೈನ್‌ಗಾರ್ಟನ್ ಎಂಬುವರು ಇಂತಹ 81 ಭಾರತೀಯ ರೋಗಿಗಳ ವಿವರವನ್ನು ಪ್ರಕಟಿಸಿ ‘ಉಷ್ಣವಲಯದ ಇಯೋಸಿನೋಫಿಲಿಯಾ’ ಎಂಬ ಹೆಸರನ್ನು ನೆಲೆಗೊಳಿಸಿದರು. ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೆ ಕೊಡುತ್ತಿದ್ದ ಆರ್ಸೆನಿಕ್ ಸೂಜಿಯಿಂದ ಇದು ಗುಣವಾಗುತ್ತದೆ ಎಂಬುದನ್ನೂ ಅವರು ಕಂಡುಕೊಂಡರು. ಯಾಕೆ ಗುಣವಾಗುತ್ತದೆ ಎಂಬುದು ಮಾತ್ರ ಇನ್ನೂ ಕತ್ತಲೆಯಲ್ಲೇ ಇತ್ತು. ಮುಂದೆ ಆ ಜಾಗಕ್ಕೆ ಬಂದ ಡೈಈಥೈಲ್‌ಕಾರ್ಬಮಜೀನ್, ಅಂದರೆ ಹೆಟ್ರಜಾನ್, ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಲವತ್ತರ ದಶಕದಲ್ಲಿ ರೂಪುಗೊಂಡಾಗ ಅಲ್ಲಿನ ಸಂಶೋಧನೆಯ ನೇತೃತ್ವ ವಹಿಸಿದ್ದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದು ಆನೆಕಾಲು ರೋಗದ ಮದ್ದು. ಆನೆಕಾಲಿನ ಮದ್ದು ಕೆಮ್ಮನ್ನು ಯಾಕೆ ನಿಲ್ಲಿಸಬೇಕು? 1960ರಲ್ಲಿ ವೆಲ್ಲೂರಿನ ಸಂಶೋಧಕರು ಇಂತಹ ರೋಗಿಗಳ ಶ್ವಾಸಕೋಶ, ಯಕೃತ್ತು ಮತ್ತು ದುಗ್ಧಗ್ರಂಥಿಗಳ ತುಣುಕುಗಳಲ್ಲಿ ಆನೆಕಾಲು ಹುಳುವಿನ ಮರಿಗಳನ್ನೇ ತೋರಿಸಿದ ಮೇಲೆ ಒಗಟು ಬಿಡಿಸಿಕೊಂಡಿತು.

ಕರಾವಳಿಯವರಿಗೆ ಆನೆಕಾಲು ಹೊಸದಲ್ಲ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಈ ರೋಗದ ಹಳೆಯ ನೆಲೆಗಳು. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದು ರಾತ್ರಿ, ಹುಳುವಿನ ಮರಿಗಳು ರಕ್ತದ ಮೇಲ್ಮೈಗೆ ಬರುವುದೂ ರಾತ್ರಿಯೇ. ಆದ್ದರಿಂದ ಆರೋಗ್ಯ ಇಲಾಖೆಯವರು ಟಾರ್ಚು ಹಿಡಿದುಕೊಂಡು ಊಟದ ಹೊತ್ತು ಕಳೆದ ಮೇಲೆ ಮನೆಮನೆಗೆ ಬಂದು ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಒತ್ತಿಕೊಂಡು ಹೋಗುತ್ತಿದ್ದುದನ್ನು ನೆನಪಿಟ್ಟವರು ಇಂದಿಗೂ ಇದ್ದಾರೆ. ಆದರೆ ಇಸ್ನೋಫಿಲಿಯಾ ಇದ್ದವರ ಬೆರಳನ್ನು ಎಷ್ಟು ರಾತ್ರಿ ಚುಚ್ಚಿದರೂ ಮರಿಗಳು ಸಿಗುವುದಿಲ್ಲ. ಬಹುಪಾಲು ಸೋಂಕಿತರ ದೇಹ ಹುಳುವಿನೊಂದಿಗೆ ಒಂದು ಬಗೆಯ ರಾಜಿ ಮಾಡಿಕೊಂಡಿರುತ್ತದೆ. ಅವರ ರಕ್ತದಲ್ಲಿ ಮರಿಗಳು ತಿರುಗಾಡುತ್ತಿರುತ್ತವೆ, ಕೆಮ್ಮು ಇರುವುದಿಲ್ಲ. ಕೆಲವರ ದೇಹ ಮಾತ್ರ ರಾಜಿಗೆ ಒಪ್ಪದೆ ಮರಿಗಳನ್ನು ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲೇ ಹಿಡಿದು ಸಾಯಿಸುತ್ತದೆ. ರಕ್ತ ಶುದ್ಧವಾಗಿ ಕಾಣುತ್ತದೆ, ಎದೆ ಹೊತ್ತಿ ಉರಿಯುತ್ತದೆ. ಹಾಗಾಗಿ ಇದು ಸೋಂಕಿನ ಬಲದಿಂದ ಬಂದ ರೋಗವಲ್ಲ, ಪ್ರತಿರೋಧದ ಬಲದಿಂದ ಬಂದ ರೋಗ.

ಇಷ್ಟರ ಮಟ್ಟಿಗೆ ತಿಳಿದಿದ್ದರೂ ಎಂಬತ್ತರ ದಶಕದವರೆಗೆ ಎಲ್ಲ ಲೆಕ್ಕಾಚಾರ ರಕ್ತದ್ದೇ ಆಗಿತ್ತು. ಜಗಳ ನಡೆಯುವುದು ಶ್ವಾಸಕೋಶದಲ್ಲಿ, ಸಾಕ್ಷಿ ಕೇಳುವುದು ಕೈಯ ರಕ್ತನಾಳದಲ್ಲಿ. ಇದನ್ನು ಬದಲಿಸಿದವರಲ್ಲಿ ಒಬ್ಬರು ಚೆನ್ನೈನ ಕ್ಷಯರೋಗ ಸಂಶೋಧನಾ ಕೇಂದ್ರದಲ್ಲಿದ್ದ ಡಾ. ವಿ. ಕೆ. ವಿಜಯನ್. ಬಳಿಕ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯ ನಿರ್ದೇಶಕರಾದ ಅವರ ಸಂಶೋಧನಾ ಜೀವನವನ್ನು ಕೊಂಚ ಹತ್ತಿರದಿಂದ ನೋಡುವುದು ಉಪಯುಕ್ತ, ಯಾಕೆಂದರೆ ಒಂದು ವಿಧಾನವನ್ನು ಕೈವಶ ಮಾಡಿಕೊಂಡ ವಿಜ್ಞಾನಿ ಅದನ್ನು ಒಂದು ರೋಗದಿಂದ ಇನ್ನೊಂದಕ್ಕೆ ಹೇಗೆ ಒಯ್ಯುತ್ತಾನೆ ಎಂಬುದು ಅದರಲ್ಲಿ ಕಾಣುತ್ತದೆ. ವಿಧಾನ ಹೇಳಲು ಸರಳ. ಬಾಗುವ ದುರ್ಬೀನು ನಳಿಕೆಯನ್ನು ಮೂಗಿನಿಂದಲೋ ಬಾಯಿಂದಲೋ ಇಳಿಸಿ, ಶ್ವಾಸನಾಳದ ಒಂದು ಕವಲಿನಲ್ಲಿ ಅದನ್ನು ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ ಉಪ್ಪುನೀರನ್ನು ಒಳಗೆ ಬಿಟ್ಟು ಮತ್ತೆ ಮೆಲ್ಲಗೆ ಎಳೆದುಕೊಳ್ಳುವುದು. ಪಾತ್ರೆ ತೊಳೆದ ನೀರಿನಲ್ಲಿ ಏನು ಬೇಯಿಸಿದ್ದರೆಂಬುದು ತಿಳಿಯುವ ಹಾಗೆ, ವಾಪಸು ಬಂದ ಆ ನೀರಿನಲ್ಲಿ ಗಾಳಿಚೀಲಗಳ ಗೋಡೆಗೆ ಯಾವ ಕೋಶಗಳು ಅಂಟಿಕೊಂಡಿದ್ದವು, ಯಾವ ಪ್ರತಿಕಾಯಗಳು (ಹೊರಗಿನಿಂದ ಬಂದದ್ದನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನುಗಳು) ಇದ್ದವು ಎಂಬುದು ತಿಳಿಯುತ್ತದೆ. ಆರೋಗ್ಯವಂತರಲ್ಲಿ ಬರುವುದು ಬಹುಪಾಲು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು, ಇಯೋಸಿನೋಫಿಲ್ ಶೇ. 1ರಷ್ಟೂ ಇರುವುದಿಲ್ಲ.

ವಿಜಯನ್ ಮತ್ತು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಹೋದ್ಯೋಗಿಗಳು ಸೇರಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಸ್ನೋಫಿಲಿಯಾ ರೋಗಿಗಳ ಶ್ವಾಸಕೋಶ ತೊಳೆದ ನೀರಿನ ಕೋಶಗಳಲ್ಲಿ ಸುಮಾರು ಅರ್ಧದಷ್ಟು ಇಯೋಸಿನೋಫಿಲ್‌ಗಳೇ ಇದ್ದವು. ಮಾತ್ರೆ ಕೊಟ್ಟ ಎರಡು ವಾರಗಳೊಳಗೆ ಅವು ಗಣನೀಯವಾಗಿ ಇಳಿದವು, ಉಸಿರಾಟವೂ ಸುಧಾರಿಸಿತು. 1989ರ ಇನ್ನೊಂದು ಅಧ್ಯಯನ ಹುಳುವಿನ ವಿರುದ್ಧದ ಪ್ರತಿಕಾಯಗಳು ಶ್ವಾಸಕೋಶದಲ್ಲೇ ನೆಲೆಯಾಗಿ ಸಾಂದ್ರಗೊಂಡಿರುವುದನ್ನು ತೋರಿಸಿತು. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮಹತ್ವದ್ದು 1990ರ ವರದಿ. ಮಾತ್ರೆ ಮುಗಿಸಿ, ‘ಗುಣವಾಯಿತು’ ಎಂದು ಮನೆಗೆ ಹೋದವರನ್ನು ಸುಮಾರು ಒಂದು ವರ್ಷದ ನಂತರ ಮತ್ತೆ ಕರೆದು ಶ್ವಾಸಕೋಶ ತೊಳೆದು ನೋಡಿದಾಗ, ಕೆಲವರಲ್ಲಿ ಉರಿಯೂತ ಸಣ್ಣ ಪ್ರಮಾಣದಲ್ಲಿ ಇನ್ನೂ ಮುಂದುವರಿದಿತ್ತು. ಕೆಮ್ಮು ನಿಂತಿತ್ತು, ಬೆಂಕಿ ಪೂರ್ತಿ ಆರಿರಲಿಲ್ಲ. ಗುಣವಾದವನನ್ನು ಮತ್ತೆ ಕರೆದು ಪರೀಕ್ಷಿಸಬೇಕು ಎಂದು ಯೋಚಿಸುವುದು ಚಿಕಿತ್ಸಕನ ಬುದ್ಧಿಯಲ್ಲ, ಸಂಶೋಧಕನದು. ದೊಡ್ಡಪ್ಪ ಮುಂದಿನ ಇಪ್ಪತ್ತು ವರ್ಷ ಏರು ಹತ್ತುವಾಗ ನಿಂತು ನಿಂತು ಹೋಗುತ್ತಿದ್ದುದಕ್ಕೆ ಇದೇ ಕಾರಣ ಎಂದು ನಾನು ಸಾಧಿಸಲಾರೆ, ಅವರು ಬೀಡಿಯನ್ನೂ ಸೇದುತ್ತಿದ್ದರು. ಆದರೆ ಆ ವರದಿಯನ್ನು ಓದಿದಾಗ ನೆನಪಾದದ್ದು ಅವರೇ.

ಅದೇ ವಿಧಾನವನ್ನು ವಿಜಯನ್ ಮುಂದೆ ಭೋಪಾಲಕ್ಕೆ ಒಯ್ದರು. 1984ರ ಡಿಸೆಂಬರ್ 2ರ ರಾತ್ರಿ ಸೋರಿದ ಮೀಥೈಲ್ ಐಸೊಸೈಯನೇಟ್ ಅನಿಲವನ್ನು ಉಸಿರಾಡಿ ಬದುಕುಳಿದವರಲ್ಲಿ, ವರ್ಷಗಳ ನಂತರವೂ ದಮ್ಮು ಕಟ್ಟುವುದು ಮನಸ್ಸಿನ ಭ್ರಮೆಯೋ ದೇಹದ ಸತ್ಯವೋ ಎಂಬ ವಾದ ನಡೆಯುತ್ತಿದ್ದ ಕಾಲವದು. ಶ್ವಾಸಕೋಶ ತೊಳೆದ ನೀರು ಆ ವಾದಕ್ಕೆ ಒಂದು ಉತ್ತರ ಕೊಟ್ಟಿತು: ಅನಿಲಕ್ಕೆ ಸಿಕ್ಕಿಕೊಂಡ ತೀವ್ರತೆ ಹೆಚ್ಚಿದಷ್ಟೂ ಉರಿಯೂತದ ಕೋಶಗಳು ಹೆಚ್ಚಿದ್ದವು. ಇಲ್ಲಿ ಮುಂದೆ ನಿಂತವು ಇಯೋಸಿನೋಫಿಲ್‌ಗಳಲ್ಲ, ಮ್ಯಾಕ್ರೋಫೇಜ್‌ಗಳು. ಕೇಳಿದರೆ ಎರಡೂ ಕಡೆಯವರು ಹೇಳುವುದು ‘ದಮ್ಮು’ ಎಂಬ ಒಂದೇ ಮಾತು. ಒಳಗಿರುವ ಕೋಶ ಬೇರೆ, ಆದ್ದರಿಂದ ರೋಗವೂ ಬೇರೆ, ಮದ್ದೂ ಬೇರೆಯಾಗಬೇಕು.

ಇನ್ನು ಉಬ್ಬಸದ ವಿಷಯ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ. 13ರಷ್ಟು ಜನ ಭಾರತದಲ್ಲಿದ್ದಾರೆ, ಆದರೆ ಅಸ್ತಮಾದಿಂದ ಸಂಭವಿಸುವ ಸಾವುಗಳಲ್ಲಿ ನಮ್ಮ ಪಾಲು ಶೇ. 40ನ್ನು ಮೀರುತ್ತದೆ ಎಂಬುದು ಜಾಗತಿಕ ರೋಗಭಾರ ಅಧ್ಯಯನದ 2019ರ ಅಂದಾಜು. ಇಷ್ಟೊಂದು ಅಂತರಕ್ಕೆ ಮುಖ್ಯ ಕಾರಣ ದುಬಾರಿ ಔಷಧದ ಕೊರತೆಯಲ್ಲ. ಸಾಮಾನ್ಯ ಸ್ಟಿರಾಯ್ಡ್ ಇನ್‌ಹೇಲರ್ ಕೂಡ ಬೇಕಾದವರ ಕೈ ಸೇರದಿರುವುದು, ಸೇರಿದರೂ ‘ಪಂಪು ಒಮ್ಮೆ ಹಿಡಿದರೆ ಬಿಡಲಿಕ್ಕಾಗುವುದಿಲ್ಲ’ ಎಂಬ ಹೆದರಿಕೆ. ಹೊಸ ಔಷಧಗಳ ಮಾತು ಆಡುವಾಗ ಇದನ್ನು ಮರೆಯಬಾರದು. ಆದರೆ ಇನ್‌ಹೇಲರನ್ನು ಕ್ರಮವಾಗಿ ಬಳಸಿದರೂ ಹತೋಟಿಗೆ ಬಾರದೆ ವರ್ಷಕ್ಕೆ ಹಲವು ಬಾರಿ ಆಸ್ಪತ್ರೆ ಸೇರುವ ಒಂದು ಸಣ್ಣ ಗುಂಪು ಇದ್ದೇ ಇದೆ, ಮತ್ತು ಆ ಗುಂಪಿನ ಕಥೆಯಲ್ಲಿ ಇಯೋಸಿನೋಫಿಲ್ ಮರಳಿ ಬರುತ್ತದೆ.

ಮೂಳೆಮಜ್ಜೆಯಲ್ಲಿ ಇಯೋಸಿನೋಫಿಲ್‌ಗಳು ಬೆಳೆಯಲು, ಬದುಕಲು ಬೇಕಾದ ಸಂದೇಶವಾಹಕದ ಹೆಸರು ಇಂಟರ್‌ಲ್ಯೂಕಿನ್-5. ಎಂಬತ್ತರ ದಶಕದಲ್ಲಿ ಅದರ ಜೀನ್ ಸಿಕ್ಕಿದ ಮೇಲೆ, ಅದನ್ನು ತಡೆಯುವ ಪ್ರತಿಕಾಯವೊಂದನ್ನು ಕೊಟ್ಟರೆ ಅಸ್ತಮಾ ಗುಣವಾಗಬೇಕು ಎಂಬ ತರ್ಕ ಸಹಜವಾಗಿತ್ತು. ಮೆಪೊಲಿಜುಮಾಬ್ ಎಂಬ ಅಂತಹ ಪ್ರತಿಕಾಯ ತಯಾರಾಯಿತು. 2000ದಲ್ಲಿ ಮೊದಲ ಪ್ರಯೋಗ ನಡೆದಾಗ ರಕ್ತದ, ಕಫದ ಇಯೋಸಿನೋಫಿಲ್‌ಗಳು ಹೇಳಿದಂತೆಯೇ ಇಳಿದವು. ಉಸಿರಾಟದಲ್ಲಿ ಮಾತ್ರ ಯಾವ ವ್ಯತ್ಯಾಸವೂ ಆಗಲಿಲ್ಲ. 2007ರಲ್ಲಿ 362 ರೋಗಿಗಳ ದೊಡ್ಡ ಪ್ರಯೋಗವೂ ಸೋತಿತು. ಇಯೋಸಿನೋಫಿಲ್ ಅಪರಾಧಿಯಲ್ಲ, ಬರೇ ದಾರಿಹೋಕ ಎಂದು ಅನೇಕರು ಕೈತೊಳೆದುಕೊಂಡರು.

ಕೈತೊಳೆಯದೆ ಉಳಿದವರು ಕಫ ನೋಡುವವರು. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಫ್ರೆಡರಿಕ್ ಹಾರ್ಗ್ರೀವ್ ಅವರ ತಂಡ ತೊಂಬತ್ತರ ದಶಕದ ಆರಂಭದಿಂದಲೇ ರೋಗಿಗೆ ಗಟ್ಟಿ ಉಪ್ಪುನೀರಿನ ಮಂಜನ್ನು ಉಸಿರಾಡಿಸಿ, ಕೆಮ್ಮಿಸಿ, ಬಂದ ಕಫದಲ್ಲಿ ಕೋಶಗಳನ್ನು ಎಣಿಸುವ ಪದ್ಧತಿಯನ್ನು ಬೆಳೆಸುತ್ತಿತ್ತು. ಇಂಗ್ಲೆಂಡಿನ ಲೆಸ್ಟರ್‌ನ ತಂಡ 2002ರಲ್ಲಿ 74 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಂದಿನ ಮಾರ್ಗಸೂಚಿಯಂತೆ, ಇನ್ನೊಂದಕ್ಕೆ ಕಫದಲ್ಲಿನ ಇಯೋಸಿನೋಫಿಲ್ ಎಣಿಕೆಯಂತೆ ಔಷಧ ಹೊಂದಿಸಿತು. ಔಷಧಗಳು ಅವೇ ಹಳೆಯವು. ಮೊದಲ ಗುಂಪಿನಲ್ಲಿ ಉಬ್ಬಸ ತೀವ್ರವಾಗಿ ಕೆರಳಿದ್ದು 109 ಸಲ, ಎರಡನೆಯದರಲ್ಲಿ 35 ಸಲ. ಈ ಎರಡು ಊರಿನವರೇ 2009ರಲ್ಲಿ ಮೆಪೊಲಿಜುಮಾಬನ್ನು ಮತ್ತೆ ಎತ್ತಿಕೊಂಡರು. ಅವರು ಮಾಡಿದ ಮುಖ್ಯ ಬದಲಾವಣೆ ಇದು: ಉಬ್ಬಸ ಇರುವ ಎಲ್ಲರನ್ನೂ ಸೇರಿಸದೆ, ಸ್ಟಿರಾಯ್ಡ್ ಕೊಟ್ಟರೂ ಕಫದಲ್ಲಿ ಇಯೋಸಿನೋಫಿಲ್ ಉಳಿದಿರುವವರನ್ನು ಮಾತ್ರ ಆಯ್ದುಕೊಂಡರು. ಲೆಸ್ಟರ್‌ನಲ್ಲಿ 61 ಜನ. ಹ್ಯಾಮಿಲ್ಟನ್‌ನಲ್ಲಿ ಪರಮೇಶ್ವರನ್ ನಾಯರ್ ಅವರ ಅಧ್ಯಯನದಲ್ಲಿ ಕೇವಲ 20 ಜನ. 362 ಜನರಲ್ಲಿ ಸೋತ ಔಷಧ 20 ಜನರಲ್ಲಿ ಗೆದ್ದಿತು. 2015ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಔಷಧದ ಚೌಕಟ್ಟಿನಲ್ಲಿ ಈ ಕಥೆಯನ್ನು ಹೇಳುವವರು ಅಣುವನ್ನು ಹೊಗಳುತ್ತಾರೆ. ಅಣು 2000ದಲ್ಲಿಯೂ ಅದೇ ಇತ್ತು.

ಈಗ ಮಂಗಳೂರಿಗೆ ಬರೋಣ. ಉಪ್ಪುನೀರು, ಕಫವನ್ನು ಕರಗಿಸುವ ಒಂದು ರಾಸಾಯನಿಕ, ಸೆಂಟ್ರಿಫ್ಯೂಜ್, ಬಣ್ಣ, ಸೂಕ್ಷ್ಮದರ್ಶಕ ಮತ್ತು ಎರಡು ಗಂಟೆಯೊಳಗೆ ಕೂತು 400 ಕೋಶಗಳನ್ನು ತಾಳ್ಮೆಯಿಂದ ಎಣಿಸಬಲ್ಲ ಒಬ್ಬ ತಂತ್ರಜ್ಞ, ಕಫದ ಕೋಶಗಣನೆಗೆ ಬೇಕಾದದ್ದು ಇಷ್ಟೇ. ಆದರೂ ಇದು ನಮ್ಮ ಕಡೆ ಎದೆರೋಗ ವಿಭಾಗಗಳ ದಿನಚರಿಯ ಭಾಗವಾಗಿಲ್ಲ. ಹಾಗೆ ನೋಡಿದರೆ ದೇಶದಲ್ಲೇ ಆಗಿಲ್ಲ. ಅದರ ಬದಲಿಗೆ ಬಳಸುವುದು ರಕ್ತದ ಇಯೋಸಿನೋಫಿಲ್ ಎಣಿಕೆಯನ್ನು. ಒಂದು ಮೈಕ್ರೋಲೀಟರ್ ರಕ್ತದಲ್ಲಿ 150 ಅಥವಾ 300ಕ್ಕಿಂತ ಹೆಚ್ಚಿದ್ದರೆ ಮೆಪೊಲಿಜುಮಾಬ್ ಯೋಚಿಸಬಹುದು ಎಂಬುದು ಪ್ರಚಲಿತ ಗೆರೆ. ಈ ಗೆರೆಯನ್ನು ಎಳೆದ ಪ್ರಯೋಗಗಳಲ್ಲಿ ಹೊಟ್ಟೆಹುಳು, ಇತರ ಪರಾವಲಂಬಿಗಳ ಸೋಂಕು ಇದ್ದವರನ್ನು ಮೊದಲೇ ಹೊರಗಿಡಲಾಗಿತ್ತು. ಆದರೆ ಮಳೆಗಾಲದ ನಾಲ್ಕು ತಿಂಗಳು ಬರಿಗಾಲಿನಲ್ಲಿ ತೋಟಕ್ಕೆ ಇಳಿಯುವವರ ರಕ್ತದಲ್ಲಿ ಆ ಗೆರೆಯನ್ನು ದಾಟಿಸಲು ಉಬ್ಬಸವೇ ಬೇಕಾಗಿಲ್ಲ. 300 ಎಂಬ ಅಂಕಿ ಲೆಸ್ಟರ್‌ನಲ್ಲಿ ಹೇಳುವ ಮಾತನ್ನೇ ಬೆಳ್ತಂಗಡಿಯಲ್ಲಿಯೂ ಹೇಳುತ್ತದೆ ಎಂದು ನಂಬಲು ನಮ್ಮ ಬಳಿ ಆಧಾರ ಸಾಲದು.

ಇದು ಹಣ ಪೋಲಾಗುವ ಪ್ರಶ್ನೆ ಮಾತ್ರವಲ್ಲ. ಒದ್ದೆ ಮಣ್ಣಿನಿಂದ ಪಾದದ ಚರ್ಮದ ಮೂಲಕ ದೇಹವನ್ನು ಹೊಗುವ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ದೇಹದೊಳಗೇ ಮತ್ತೆ ಮತ್ತೆ ಸಂತಾನ ಬೆಳೆಸಿಕೊಂಡು ದಶಕಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಕೆಮ್ಮು, ಸೀಟಿಯ ಸದ್ದು, ಇಯೋಸಿನೋಫಿಲ್ ಏರಿಕೆ ಇವೆಲ್ಲವನ್ನೂ ಅದು ಉಂಟುಮಾಡಬಲ್ಲದು. ಉಬ್ಬಸವೆಂದು ಭಾವಿಸಿ ಸ್ಟಿರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಟ್ಟರೆ ಹುಳುವನ್ನು ತಡೆಹಿಡಿದಿದ್ದ ಪ್ರತಿರೋಧ ಕುಸಿದು, ಅದು ಮೈಯೆಲ್ಲ ಹರಡಿ ಪ್ರಾಣಕ್ಕೇ ಕುತ್ತು ತರುವ ಅಪಾಯವಿದೆ. ಫೆಬ್ರವರಿ ಮತ್ತು ಆಗಸ್ಟ್ 10ರಂದು ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ಒಂದರಿಂದ ಈ ಹುಳು ಖಚಿತವಾಗಿ ಹೋಗುವುದಿಲ್ಲ. ಅದಕ್ಕೆ ಐವರ್ಮೆಕ್ಟಿನ್ ಬೇಕು.

ಕಫದ ಮಾತಿಗೆ ಮರಳುತ್ತೇನೆ. ನಮ್ಮ ಆಸ್ಪತ್ರೆಗಳಲ್ಲಿ ಕಫ ನೋಡುವ ಪದ್ಧತಿಯೇ ಇಲ್ಲವೆಂದಲ್ಲ. ಬಹುಶಃ ಜಗತ್ತಿನಲ್ಲಿ ನಮ್ಮಷ್ಟು ಕಫ ನೋಡಿದವರು ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೂ ಕಫದ ಡಬ್ಬಿ ತಲುಪಿದೆ. ಆದರೆ ನಾವು ಅದರಲ್ಲಿ ಹುಡುಕಿದ್ದು ಒಂದನ್ನೇ. ಕ್ಷಯಕ್ಕೆ ಬಳಸುವ ಜೀಲ್-ನೀಲ್ಸನ್ ಬಣ್ಣದ ಗಾಜನ್ನು ಒಮ್ಮೆ ಕಣ್ಣಿಟ್ಟು ನೋಡಿದವರಿಗೆ ಗೊತ್ತು: ನೀಲಿ ಹಿನ್ನೆಲೆಯಲ್ಲಿ ಕೆಂಪು ಗೀಟುಗಳಿವೆಯೇ ಎಂದು ನೋಡಬೇಕು, ಇದ್ದರೆ ಎಷ್ಟು ಎಂದು ಬರೆಯಬೇಕು. ಆ ನೀಲಿ ಹಿನ್ನೆಲೆ ಯಾವುದು? ಅಲ್ಲಿ ಅಸ್ಪಷ್ಟವಾಗಿ ಕಾಣುವ ನೀಲಿ ಮುದ್ದೆಗಳಲ್ಲಿ ಬಹುಪಾಲು ರೋಗಿಯ ಸ್ವಂತ ರೋಗನಿರೋಧಕ ಕೋಶಗಳೇ. ರೋಗಾಣು ಕೆಂಪಾಗಿ ಎದ್ದು ಕಾಣಲಿ ಎಂದು ರೋಗಿಯ ಪ್ರತಿರೋಧವನ್ನು ನೀಲಿಯಲ್ಲಿ ಅದ್ದಿ ಹಿಂದಕ್ಕೆ ಸರಿಸುವ ಬಣ್ಣವದು. ಕ್ಷಯ ಹುಡುಕಲು ಅದು ಸರಿಯಾದದ್ದೇ. ಗೀಟು ಸಿಗದಾಗ ‘ನೆಗೆಟಿವ್’ ಎಂದು ಬರೆದು ಗಾಜನ್ನು ಬಕೆಟ್ಟಿಗೆ ಹಾಕಿದ ಮೇಲೆ, ಆ ಕೆಮ್ಮು ಹಾಗಾದರೆ ಯಾತರದು ಎಂಬ ಪ್ರಶ್ನೆಗೆ ಚೀಟಿಯಲ್ಲಿ ಜಾಗವಿಲ್ಲ ಎಂಬುದು ನನ್ನ ತಕರಾರು.

ಈ ತಕರಾರಿಗೆ ಇದು ಸರಿಯಾದ ಕಾಲ ಕೂಡ. ಕ್ಷಯ ಪತ್ತೆಗೆ ಸೂಕ್ಷ್ಮದರ್ಶಕದ ಬದಲು ಟ್ರೂನ್ಯಾಟ್, ಸಿಬಿನ್ಯಾಟ್‌ನಂತಹ ಜೀನ್ ಆಧಾರಿತ ಪರೀಕ್ಷೆಗಳು ಬರುತ್ತಿವೆ. ರೋಗಾಣು ಕಡಿಮೆಯಿದ್ದರೂ ಅವು ಹಿಡಿಯುತ್ತವೆ, ಔಷಧಕ್ಕೆ ಜಗ್ಗದ ಕ್ಷಯವನ್ನೂ ಬೇಗ ತಿಳಿಸುತ್ತವೆ. ಈ ಬದಲಾವಣೆ ಅಗತ್ಯವಾದದ್ದು. ಆದರೆ ಇದರ ಜೊತೆಗೆ ದಿನವಿಡೀ ಗಾಜು ನೋಡಿ ಕಣ್ಣು ಪಳಗಿದ ತಂತ್ರಜ್ಞರ ಒಂದು ಪೀಳಿಗೆಯ ಕೌಶಲ ಸುಮ್ಮನೆ ಕರಗಿಹೋಗಲಿದೆ. ಸೂಕ್ಷ್ಮದರ್ಶಕ ಇದೆ, ಕಣ್ಣು ಇದೆ, ಕಫವನ್ನು ಸುರಕ್ಷಿತವಾಗಿ ನಿಭಾಯಿಸುವ ಅಭ್ಯಾಸ ಇದೆ. ಜಿಲ್ಲೆಗೊಂದು ಕಡೆಯಲ್ಲಾದರೂ ಇವರಿಗೆ ಕೋಶಗಣನೆ ಕಲಿಸಿದರೆ ಆಗುವ ಖರ್ಚು ಹೊಸ ಔಷಧದ ಕೆಲವು ಸೂಜಿಗಳ ಬೆಲೆಯನ್ನು ದೊಡ್ಡದಾಗಿ ಮೀರಲಾರದು ಎಂದು ನನ್ನ ಅಂದಾಜು.

ಇಯೋಸಿನೋಫಿಲ್ ಒಂದು ಉದಾಹರಣೆ ಅಷ್ಟೆ. 2017ರಲ್ಲಿ ಪ್ರಕಟವಾದ ಭಾರತದ ಶ್ವಾಸಕೋಶ ನಾರುಗಟ್ಟುವ ರೋಗಗಳ ನೋಂದಣಿಯಲ್ಲಿ 1084 ರೋಗಿಗಳಿದ್ದರು. ಪಾಶ್ಚಾತ್ಯ ದೇಶಗಳಲ್ಲಿ ಇಂತಹ ಪಟ್ಟಿಯ ಮೊದಲಿಗೆ ನಿಲ್ಲುವುದು ಕಾರಣ ತಿಳಿಯದ ನಾರುಗಟ್ಟುವಿಕೆ, ನಮ್ಮಲ್ಲಿ ಶೇ. 47.3ರಷ್ಟು ಜನರಿಗೆ ಇದ್ದದ್ದು ಉಸಿರಿನೊಂದಿಗೆ ಒಳಹೋದ ಬೂಷ್ಟು, ಹಕ್ಕಿಯ ಹಿಕ್ಕೆ ಮುಂತಾದವುಗಳ ವಿರುದ್ಧ ಶ್ವಾಸಕೋಶ ಅತಿಯಾಗಿ ಕೆರಳುವ ರೋಗ. ಅಂಥವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಏರ್ ಕೂಲರ್ ಬಳಸುತ್ತಿದ್ದವರು. ಆದರೆ ಕರಾವಳಿಯಲ್ಲಿ ಏರ್ ಕೂಲರ್ ಯಾರ ಮನೆಯಲ್ಲಿದೆ? ಇಲ್ಲಿನ ತೇವದ ಗಾಳಿಗೆ ಅದು ನಿರುಪಯೋಗಿ. ಹಾಗಾದರೆ ಇಲ್ಲಿನವರ ಶ್ವಾಸಕೋಶವನ್ನು ಕೆರಳಿಸುವುದು ಯಾವುದು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿಗಟ್ಟುವ ಗೋಡೆಯೇ, ಸರಿಯಾಗಿ ಒಣಗದೆ ಬೂಷ್ಟು ಹಿಡಿದ ಅಡಿಕೆಯನ್ನು ಸುಲಿಯುವಾಗ ಏಳುವ ಧೂಳೇ, ಅಟ್ಟದ ಬೈಹುಲ್ಲೇ, ಅಪಾರ್ಟ್‌ಮೆಂಟಿನ ಬಾಲ್ಕನಿಯ ಪಾರಿವಾಳವೇ? 1963ರಲ್ಲಿ ಇಂಗ್ಲೆಂಡಿನ ಜಾಕ್ ಪೆಪಿಸ್ ಮತ್ತು ಸಂಗಡಿಗರು ಅಲ್ಲಿನ ರೈತರ ಎದೆರೋಗದ ಮೂಲವನ್ನು ಬೂಷ್ಟು ಹಿಡಿದ ಹುಲ್ಲಿನೊಳಗಿನ ಶಾಖಪ್ರಿಯ ಸೂಕ್ಷ್ಮಜೀವಿಗಳಲ್ಲಿ ಕಂಡುಹಿಡಿದರು. ಅಡಿಕೆಯ ಮೇಲಿನ ಬೂಷ್ಟಿಗೆ ಸುಲಿಯುವವರ ರಕ್ತದಲ್ಲಿ ಯಾವ ಪ್ರತಿಕಾಯ ಇದೆ ಎಂಬುದನ್ನು ಇಂಗ್ಲೆಂಡಿನವರು ಬಂದು ನೋಡಲಾರರು. ಬಚ್ಚಲುಮನೆಯ ಒಲೆಗೆ ತೆಂಗಿನ ಸಿಪ್ಪೆ ತುರುಕಿ ಊದುವ, ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರ ಪ್ರಶ್ನೆಯೂ ಇದೇ ಬಗೆಯದು.

1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಶುರುವಾದಾಗ ಇದ್ದ ಸ್ಥಿತಿ ಈಗಿಲ್ಲ. ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆಗಳಲ್ಲಿ ಸೇರಿ ಎಂಟೊಂಬತ್ತು ವೈದ್ಯಕೀಯ ಕಾಲೇಜುಗಳಿವೆ. ವೈದ್ಯರ ಕೊರತೆ ಇಲ್ಲ. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಪ್ರಬಂಧಕ್ಕೆಂದು ಐವತ್ತು ರೋಗಿಗಳ ಕಫ ನೋಡುವುದೂ ನಡೆಯುತ್ತದೆ. ಪರೀಕ್ಷೆ ಮುಗಿದ ಮೇಲೆ ಅವರು ಬೇರೆ ಊರಿಗೆ ಹೋಗುತ್ತಾರೆ, ಪ್ರಶ್ನೆ ಕಪಾಟಿಗೆ ಹೋಗುತ್ತದೆ. ವಿಜಯನ್, ಹಾರ್ಗ್ರೀವ್ ಅಂಥವರ ಬದುಕಿನಲ್ಲಿ ಕಾಣುವುದು ಇದಕ್ಕೆ ತದ್ವಿರುದ್ಧವಾದ ಚಾಳಿ: ಒಂದೇ ವಿಧಾನದ ಮೇಲೆ ವರ್ಷಗಟ್ಟಲೆ ಕೂತು, ಒಂದೇ ಬಗೆಯ ಮಾದರಿಯನ್ನು ಸಾವಿರ ಸಲ ನೋಡಿ, ಗುಣವಾದವರನ್ನೂ ಮತ್ತೆ ಕರೆಯುವುದು. ಓಪಿಡಿಯ ಸಾಲು ಮುಗಿಸಿ, ಪಾಠ ಮಾಡಿ, ಸಂಜೆ ಆರರ ನಂತರ ಸಂಶೋಧನೆ ಮಾಡಿರೆಂದರೆ ಇಂತಹ ಕೆಲಸ ಹುಟ್ಟುವುದಿಲ್ಲ. ಸಂಬಳ ಕೊಟ್ಟು, ರೋಗಿ ನೋಡುವ ಹೊರೆಯನ್ನು ಅರ್ಧ ಇಳಿಸಿ, ಹತ್ತು ವರ್ಷ ಫಲ ಕೇಳದೆ ಇರುವ ಹುದ್ದೆ ಬೇಕು. ಕಟ್ಟಡ ಕಟ್ಟುವುದಕ್ಕಿಂತ ಇದು ಅಗ್ಗ, ಉದ್ಘಾಟನೆ ಮಾಡಲಿಕ್ಕೆ ಮಾತ್ರ ಏನೂ ಸಿಗುವುದಿಲ್ಲ.

ಆನೆಕಾಲು ಹತೋಟಿಗೆ ಬಂದಂತೆ ದೊಡ್ಡಪ್ಪನ ರೋಗವೂ ಇಲ್ಲಿ ಅಪರೂಪವಾಗುತ್ತಿದೆ, ಅದು ಸಂತೋಷದ ಸಂಗತಿ. ಇದರಿಂದಾಗಿ ಅದನ್ನು ಕಣ್ಣಾರೆ ಕಂಡ ಯುವವೈದ್ಯರೂ ಕಡಿಮೆಯಾಗುತ್ತಿದ್ದಾರೆ. ಅದೇ ಹೊತ್ತಿಗೆ ಮಲ್ಪೆಯ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಬೋಟು ಹತ್ತುವವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಬಹಳ ಮಂದಿ. ಆನೆಕಾಲು ಇನ್ನೂ ಉಳಿದಿರುವ ಜಿಲ್ಲೆಗಳು ಅಲ್ಲಿವೆ. ಅವರಲ್ಲೊಬ್ಬನಿಗೆ ರಾತ್ರಿ ಎರಡರ ನಂತರ ಕೆಮ್ಮು ಏಳುತ್ತದೆ ಎಂದಿಟ್ಟುಕೊಳ್ಳಿ. ಬೋಟು ದಡಕ್ಕೆ ಬಂದ ದಿನ ಅವನು ಹತ್ತಿರದ ಕ್ಲಿನಿಕ್ಕಿಗೆ ಹೋಗುತ್ತಾನೆ, ಕಫದ ಪರೀಕ್ಷೆ ನೆಗೆಟಿವ್ ಬರುತ್ತದೆ, ಒಂದು ಆಂಟಿಬಯಾಟಿಕ್, ಒಂದು ಕೆಮ್ಮಿನ ಸಿರಪ್ ಸಿಗುತ್ತದೆ. ರಕ್ತ ಪರೀಕ್ಷೆಯನ್ನು ಈಗ ಯಂತ್ರವೇ ಮಾಡುವುದರಿಂದ ಯಾರೂ ಕೇಳದಿದ್ದರೂ ಇಯೋಸಿನೋಫಿಲ್ ಅಂಕಿ ಚೀಟಿಯ ಕೆಳಗಡೆ, ನಾಲ್ಕನೆಯದೋ ಐದನೆಯದೋ ಸಾಲಿನಲ್ಲಿ, ಅಚ್ಚಾಗಿಯೇ ಇರುತ್ತದೆ.